ಆಟದ ಯಂತ್ರ ಕೊಳ್ಳುವ ಮುನ್ನ

ಒಂದು ಮಿಕ್ಸಿ ಕೊಳ್ಳಬೇಕಾದರೆ ನಾವು ನಾಲ್ಕು ಅಂಗಡಿ ಸುತ್ತುತ್ತೇವೆ. ವ್ಯಾಟ್ ಎಷ್ಟು, ಮನೆಯಲ್ಲಿರುವ ಹಳೆಯ ಜಾರ್ ಇದಕ್ಕೆ ಕೂರುತ್ತದೆಯೇ, ಹಾಳಾದರೆ ರಿಪೇರಿ ಎಲ್ಲಿ ಎಂದೆಲ್ಲ ವಿಚಾರಿಸುತ್ತೇವೆ. ನೆರೆಮನೆಯವರ ಅಭಿಪ್ರಾಯವನ್ನೂ ಕೇಳುತ್ತೇವೆ. ಆದರೆ ಮಿಕ್ಸಿಗಿಂತ ಎಷ್ಟೋ ಪಟ್ಟು ಬೆಲೆಯ ವಿಡಿಯೋ ಗೇಮ್ ಯಂತ್ರವನ್ನು ಮಕ್ಕಳಿಗಾಗಿ ತರುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. “ಅದೆಲ್ಲ ಮಕ್ಕಳಿಗೆ ಗೊತ್ತಿರುತ್ತದೆ” ಎಂದು ಬಿಟ್ಟುಬಿಡುತ್ತೇವೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ನಮಗಾದ ತೊಂದರೆ ನಿಮಗಾಗದಿರಲಿ ಎಂದು ಈ ತಿಂಗಳು ಇದನ್ನು ಬರೆಯುತ್ತಿದ್ದೇನೆ.

2024ರ ಬೇಸಿಗೆ ರಜೆಯಲ್ಲಿ ದುಬೈಯಲ್ಲಿರುವ ನನ್ನ ತಮ್ಮ ಊರಿಗೆ ಬಂದ. ಅವನ ಪೆಟ್ಟಿಗೆಯಲ್ಲಿ ಎಂದಿನ ಖರ್ಜೂರ, ಬಾದಾಮಿ, ಹಾಲಿನ ಪುಡಿಯ ಡಬ್ಬಿಗಳ ನಡುವೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪ್ಲೇಸ್ಟೇಷನ್ 5 ಇತ್ತು. ಕೆಲಸ ಬಿಟ್ಟು ತಾಯ್ನಾಡಿಗೆ ಮರಳುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಕಡಿಮೆ ಬೆಲೆಗೆ ಕೊಂಡದ್ದು. ಮನೆಯಲ್ಲಿ ನನ್ನ ಇಬ್ಬರು ಮಕ್ಕಳು, ರಜೆಗೆ ಬಂದಿದ್ದ ತಂಗಿಯ ಮಗ, ನೆರೆಮನೆಯ ಹುಡುಗರು. ಅಕ್ಕನ ಮಗ ಬೆಂಗಳೂರಿಗೆ ಓದಲು ಹೋಗುವಾಗ ಬಿಟ್ಟುಹೋಗಿದ್ದ ಪ್ಲೇಸ್ಟೇಷನ್ 4ರ ಹನ್ನೊಂದು ಡಿಸ್ಕ್‌ಗಳು ಮತ್ತು ಎರಡು ಕಂಟ್ರೋಲರ್‌ಗಳು ಕಪಾಟಿನಲ್ಲಿದ್ದವು. ಸಂಜೆಯೊಳಗೆ ಎಲ್ಲ ಜೋಡಿಸಿ ಆಟ ಶುರುವಾಗಬೇಕೆಂದು ಮಕ್ಕಳಿಗೆ ಆತುರ.

“ಮಾಮ, ಡಿಸ್ಕ್ ಎಲ್ಲಿಗೆ ಹಾಕುವುದು?” ಎಂದು ನನ್ನ ಕಿರಿಯವನು ಕೇಳಿದಾಗ ತಮ್ಮ ಯಂತ್ರವನ್ನು ಸುತ್ತಲೂ ತಿರುಗಿಸಿ ನೋಡಿದ. ಡಿಸ್ಕ್ ಹಾಕುವ ಜಾಗವೇ ಇರಲಿಲ್ಲ. ಅದು ಡಿಜಿಟಲ್ ಎಡಿಷನ್. ಅಂದರೆ ಆಟಗಳನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡೇ ಆಡಬೇಕು. ಹನ್ನೊಂದು ಡಿಸ್ಕ್‌ಗಳು ಆ ಕ್ಷಣಕ್ಕೆ ಬರೀ ತಟ್ಟೆಗಳಾದವು. ಹಳೆಯ ಕಂಟ್ರೋಲರ್‌ಗಳನ್ನು ಜೋಡಿಸಿದರೆ ಪರದೆ ಅವನ್ನು ಗುರುತಿಸಿತು, ಆದರೆ ಯಂತ್ರದಲ್ಲಿದ್ದ ಆಟ ಅವನ್ನು ಒಪ್ಪಲಿಲ್ಲ. ಕೊನೆಗೆ ಐದು ಮಕ್ಕಳಿಗೆ ಒಂದೇ ಕಂಟ್ರೋಲರ್ ಉಳಿಯಿತು. ಜಗಳ ಆಗದಿರಲು ಸಾಧ್ಯವೇ?

ಆ ಗಲಾಟೆಯಲ್ಲಿ ಸೇರದೆ ದೂರ ಕುಳಿತಿದ್ದವನು ತಂಗಿಯ ಮಗ ಮಾತ್ರ. ಹನ್ನೆರಡು ವರ್ಷದ ಹುಡುಗ. ಹುಟ್ಟಿನಿಂದಲೇ ಅವನ ಬಲಗೈ ಬೆರಳುಗಳಿಗೆ ಶಕ್ತಿ ಕಡಿಮೆ. “ನಾನು ನೋಡ್ತೇನೆ, ನೀವು ಆಡಿ” ಎಂದು ಅವನು ಅಂದೂ ಹೇಳಿದ, ಯಾವತ್ತೂ ಹಾಗೆಯೇ ಹೇಳುತ್ತಿದ್ದ. ಅವನಿಗೆ ಆಟದಲ್ಲಿ ಆಸಕ್ತಿ ಇಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಪ್ಪು ಯಂತ್ರದ್ದಲ್ಲ, ಕೊಳ್ಳುವ ಮೊದಲು ಕೇಳದ ನಮ್ಮದು. ಆಟ, ಯಂತ್ರ, ಕಂಟ್ರೋಲರ್, ಟಿವಿ, ಇಂಟರ್‌ನೆಟ್, ಆಡುವ ಕೈ ಇವೆಲ್ಲ ಒಂದಕ್ಕೊಂದು ಹೊಂದಿಕೊಳ್ಳಬೇಕು. ಯಾವುದಾದರೂ ಒಂದು ಹೊಂದದಿದ್ದರೆ ಉಳಿದವು ಎಷ್ಟೇ ದುಬಾರಿಯದಾದರೂ ಪ್ರಯೋಜನವಿಲ್ಲ.

ಯಾವ ಆಟ, ಯಾರ ಜೊತೆ?

ಯಂತ್ರದ ಹೆಸರನ್ನು ಸ್ವಲ್ಪ ಬದಿಗಿಡಿ. ಮಗು ಯಾವ ಆಟ ಆಡಲು ಬಯಸುತ್ತದೆ, ಯಾರ ಜೊತೆ ಆಡಲು ಬಯಸುತ್ತದೆ ಎಂದು ಮೊದಲು ಕೇಳಿ. ಎಲ್ಲ ಆಟಗಳೂ ಎಲ್ಲ ಯಂತ್ರಗಳಲ್ಲಿ ಸಿಗುವುದಿಲ್ಲ. ನಿಂಟೆಂಡೊ ಕಂಪೆನಿಯ ಮಾರಿಯೊ ಸರಣಿಯ ಮುಖ್ಯ ಆಟಗಳು ಬೇಕಾದರೆ ನಿಂಟೆಂಡೊ ಯಂತ್ರವೇ ಬೇಕು. ಆಟದ ಪೊಟ್ಟಣದ ಮೇಲಿರುವ ವಯಸ್ಸಿನ ಸಂಖ್ಯೆಯನ್ನೂ ಇದೇ ಹೊತ್ತಿಗೆ ನೋಡಿಬಿಡಿ. ಯುರೋಪಿನ ಪೆಗಿ ಪದ್ಧತಿಯಲ್ಲಿ 3, 7, 12, 16, 18 ಎಂಬ ಸಂಖ್ಯೆಗಳಿರುತ್ತವೆ. ಇವು ಆಟದಲ್ಲಿರುವ ಹಿಂಸೆ, ಭಾಷೆ ಮುಂತಾದವು ಯಾವ ವಯಸ್ಸಿಗೆ ತಕ್ಕವು ಎಂದು ತಿಳಿಸುತ್ತವೆ. ಆಟ ಸುಲಭವೋ ಕಷ್ಟವೋ ಎಂಬುದಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ.

“ಯಾರ ಜೊತೆ” ಎಂಬುದು ಇನ್ನೂ ಮುಖ್ಯ. ಬೇರೆ ಬೇರೆ ಯಂತ್ರಗಳಲ್ಲಿರುವವರು ಒಟ್ಟಿಗೆ ಆಡುವುದಕ್ಕೆ ಕ್ರಾಸ್‌ಪ್ಲೇ ಎನ್ನುತ್ತಾರೆ. ಕೆಲವು ಆಟಗಳಲ್ಲಿ ಇದು ಇದೆ, ಕೆಲವುಗಳಲ್ಲಿ ಇಲ್ಲ, ಇನ್ನು ಕೆಲವುಗಳಲ್ಲಿ ಅರ್ಧಂಬರ್ಧ ಇದೆ. ಮಕ್ಕಳ ಅಚ್ಚುಮೆಚ್ಚಿನ ಮೈನ್‌ಕ್ರಾಫ್ಟ್ ಆಟವನ್ನೇ ತೆಗೆದುಕೊಳ್ಳಿ. ಅದರಲ್ಲಿ ಜಾವಾ ಮತ್ತು ಬೆಡ್‌ರಾಕ್ ಎಂಬ ಎರಡು ಆವೃತ್ತಿಗಳಿವೆ. ಮೊಬೈಲ್, ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್, ಸ್ವಿಚ್ ಇವುಗಳಲ್ಲಿರುವುದು ಬೆಡ್‌ರಾಕ್. ಇವರೆಲ್ಲ ಒಟ್ಟಿಗೆ ಆಡಬಹುದು. ಆದರೆ ಕಂಪ್ಯೂಟರ್‌ನಲ್ಲಿ ಜಾವಾ ಆವೃತ್ತಿ ಆಡುವ ಅಣ್ಣನ ಲೋಕಕ್ಕೆ ಮೊಬೈಲ್‌ನಲ್ಲಿರುವ ತಂಗಿ ನೇರವಾಗಿ ಸೇರಲಾರಳು. 2022ರ ಜೂನ್‌ನಿಂದ ವಿಂಡೋಸ್ ಕಂಪ್ಯೂಟರ್‌ಗೆ ಎರಡೂ ಆವೃತ್ತಿಗಳನ್ನು ಒಟ್ಟಿಗೆ ಮಾರಲು ಶುರು ಮಾಡಿದ್ದರಿಂದ ಆ ಅಣ್ಣ ತಂಗಿಗಾಗಿ ಬೆಡ್‌ರಾಕ್ ತೆರೆದರೆ ಸಾಕು.

ಫುಟ್‌ಬಾಲ್ ಆಟದ ಕಥೆ ಬೇರೆ. 2022ರಲ್ಲಿ ಬಂದ ಫಿಫಾ 23ರಲ್ಲಿ ಕ್ರಾಸ್‌ಪ್ಲೇ ಬಂತು. ಆದರೆ ಒಂದೇ ತಲೆಮಾರಿನ ಯಂತ್ರಗಳ ನಡುವೆ ಮಾತ್ರ. ಪ್ಲೇಸ್ಟೇಷನ್ 4 ಇರುವವನು ಎಕ್ಸ್‌ಬಾಕ್ಸ್ ಒನ್ ಇರುವವನೊಡನೆ ಆಡಬಹುದು. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್, ಕಂಪ್ಯೂಟರ್ ಇರುವವರದು ಇನ್ನೊಂದು ಗುಂಪು. ಮೈದಾನ ಒಂದೇ ಕಂಡರೂ ಎರಡು ಗುಂಪುಗಳ ನಡುವೆ ಗೋಡೆ ಇದೆ. ನಿಮ್ಮ ಮಗನ ಗೆಳೆಯರೆಲ್ಲರ ಬಳಿ ಹಳೆಯ ಯಂತ್ರವಿದ್ದು, ನೀವು ಪ್ರೀತಿಯಿಂದ ಹೊಸದನ್ನು ತಂದುಕೊಟ್ಟರೆ ಅವನು ಒಂಟಿಯಾಗುವ ಸಾಧ್ಯತೆಯೂ ಇದೆ ಎಂಬುದು ನೆನಪಿರಲಿ.

ಇನ್ನೊಂದು ಖರ್ಚು ಇಲ್ಲಿ ಅಡಗಿದೆ. ಹಣ ಕೊಟ್ಟು ಕೊಂಡ ಬಹುತೇಕ ಆಟಗಳನ್ನು ಕನ್ಸೋಲ್‌ನಲ್ಲಿ ಇಂಟರ್‌ನೆಟ್ ಮೂಲಕ ಇತರರೊಂದಿಗೆ ಆಡಬೇಕಾದರೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಮೂರರಲ್ಲೂ ಪ್ರತ್ಯೇಕ ಚಂದಾ ಕಟ್ಟಬೇಕು. ಕಂಪ್ಯೂಟರ್‌ಗೆ ಅಂಥ ಚಂದಾ ಇಲ್ಲ. ಯಂತ್ರದ ಬೆಲೆಯನ್ನು ಮಾತ್ರ ಲೆಕ್ಕ ಹಾಕಿದವರಿಗೆ ಇದು ಆಮೇಲೆ ತಿಳಿಯುತ್ತದೆ.

ಮನೆಯಲ್ಲಿ ಈಗಾಗಲೇ ಏನಿದೆ?

ಹಳೆಯ ಡಿಸ್ಕ್‌ಗಳಿದ್ದರೆ ಅವು ಹೊಸ ಯಂತ್ರದಲ್ಲಿ ನಡೆಯುತ್ತವೆಯೇ ಎಂದು ನೋಡಬೇಕು. 2020ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಬಹುತೇಕ ಎಲ್ಲ ಪ್ಲೇಸ್ಟೇಷನ್ 4 ಆಟಗಳನ್ನು ನಡೆಸುತ್ತದೆ. ಆದರೆ ಪ್ಲೇಸ್ಟೇಷನ್ 3 ಮತ್ತು 2ರ ಡಿಸ್ಕ್‌ಗಳನ್ನು ಓದುವುದಿಲ್ಲ. ಅದೇ ತಿಂಗಳು ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಹಳೆಯ ಎಕ್ಸ್‌ಬಾಕ್ಸ್ 360ರ ಹಲವು ಆಟಗಳನ್ನೂ ನಡೆಸಬಲ್ಲದು. ಆದರೆ ಅದರ ತಮ್ಮನಂತಿರುವ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಪ್ಲೇಸ್ಟೇಷನ್ 5ರ ಮೊದಲ ಡಿಜಿಟಲ್ ಮಾದರಿಗೆ ಡಿಸ್ಕ್ ಡ್ರೈವ್ ಜೋಡಿಸಲಾಗದು. 2023ರ ಕೊನೆಗೆ ಬಂದ ಸಣಕಲು ಮಾದರಿಗೆ ಬೇಕೆಂದಾಗ ಪ್ರತ್ಯೇಕ ಡ್ರೈವ್ ಕೊಂಡು ಜೋಡಿಸಬಹುದು. ನಮ್ಮ ತಮ್ಮ ತಂದದ್ದು ಮೊದಲನೆಯದು.

ಡಿಸ್ಕ್ ಇರುವ ಯಂತ್ರಕ್ಕೆ ಒಂದು ಅನುಕೂಲವಿದೆ. ಆಡಿ ಮುಗಿದ ಡಿಸ್ಕನ್ನು ಗೆಳೆಯನಿಗೆ ಕೊಡಬಹುದು, ಮಾರಬಹುದು, ಅರ್ಧ ಬೆಲೆಗೆ ಹಳೆಯದನ್ನು ಕೊಳ್ಳಬಹುದು. ಡಿಜಿಟಲ್ ಆಟ ಖಾತೆಗೆ ಅಂಟಿಕೊಂಡಿರುತ್ತದೆ. ಎರಡು ಮೂರು ಮನೆಯ ಮಕ್ಕಳು ಆಟಗಳನ್ನು ಹಂಚಿಕೊಳ್ಳುವ ನಮ್ಮಂಥ ಕುಟುಂಬಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನಿಂಟೆಂಡೊ ಸ್ವಿಚ್ ಕೊಳ್ಳುವವರೂ ಎಚ್ಚರದಿಂದಿರಬೇಕು. 2019ರಲ್ಲಿ ಬಂದ ಸ್ವಿಚ್ ಲೈಟ್ ಮಾದರಿಯನ್ನು ಟಿವಿಗೆ ಜೋಡಿಸಲಾಗದು, ಕೈಯಲ್ಲಿ ಹಿಡಿದೇ ಆಡಬೇಕು. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಹಳೆಯ ಸ್ವಿಚ್ ಆಟಗಳಲ್ಲಿ ಹೆಚ್ಚಿನವು ನಡೆಯುತ್ತವೆ. ಆದರೆ ಸ್ವಿಚ್ 2ರ ಆಟ ಹಳೆಯ ಸ್ವಿಚ್‌ನಲ್ಲಿ ನಡೆಯುವುದಿಲ್ಲ. ಹಳೆಯ ಜಾಯ್‌ಕಾನ್ ಕಂಟ್ರೋಲರ್‌ಗಳು ಹೊಸದರೊಂದಿಗೆ ವೈರ್‌ಲೆಸ್ ಆಗಿ ಕೆಲಸ ಮಾಡುತ್ತವೆ. ಆದರೆ ಹೊಸದರ ಬದಿಗೆ ಕೂರುವುದಿಲ್ಲ, ಏಕೆಂದರೆ ಅಲ್ಲಿ ಹಳಿಯ ಬದಲು ಅಯಸ್ಕಾಂತ ಬಂದಿದೆ.

ಗಲ್ಫ್‌ನಿಂದ ತರುವಾಗ

ನಮ್ಮ ಕರಾವಳಿಯ ಅನೇಕ ಮನೆಗಳಿಗೆ ಇಂಥ ಯಂತ್ರಗಳು ಗಲ್ಫ್‌ನಿಂದಲೇ ಬರುತ್ತವೆ. ಅಲ್ಲಿಯ ಮೂರು ಚಪ್ಪಟೆ ಕಡ್ಡಿಗಳ ಪ್ಲಗ್ ನಮ್ಮ ಸಾಕೆಟ್‌ಗೆ ಹೋಗದು. ಇದೇನೂ ದೊಡ್ಡ ತೊಂದರೆಯಲ್ಲ. ಪ್ಲೇಸ್ಟೇಷನ್ 5ರ ಹಿಂಭಾಗಕ್ಕೆ ಹಾಕುವ, ಎಂಟರ ಆಕಾರದ ತುದಿಯ ವೈರು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ನಮ್ಮ ಪ್ಲಗ್‌ನೊಂದಿಗೇ ಸಿಗುತ್ತದೆ. ಯಾವುದೇ ದೇಶದಿಂದ ತಂದ ಯಂತ್ರವಿರಲಿ, ಯಂತ್ರದ ಅಥವಾ ಅಡಾಪ್ಟರ್‌ನ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ನಿಶ್ಚಿಂತೆಯಿಂದ ಹಾಕಿ. ಬರೀ 110 ಅಥವಾ 120 ಎಂದಿದ್ದರೆ ನಮ್ಮ ಕರೆಂಟಿಗೆ ನೇರವಾಗಿ ಹಾಕಬಾರದು, ಸುಟ್ಟುಹೋಗುತ್ತದೆ.

ನಿಜವಾದ ತೊಡಕು ಇರುವುದು ಖಾತೆಯಲ್ಲಿ. ಪ್ಲೇಸ್ಟೇಷನ್ ಖಾತೆ ತೆರೆಯುವಾಗ ಯಾವ ದೇಶವನ್ನು ಆರಿಸುತ್ತೇವೋ ಅದನ್ನು ಮತ್ತೆ ಬದಲಾಯಿಸಲು ಬರುವುದಿಲ್ಲ. ತಮ್ಮ ಅಲ್ಲಿಯೇ ಎಮಿರೇಟ್ಸ್ ಖಾತೆ ತೆರೆದಿದ್ದ. ನಾನು ಇಲ್ಲಿ ಮಕ್ಕಳನ್ನು ಸಮಾಧಾನಪಡಿಸಲು ಭಾರತದ ಗಿಫ್ಟ್ ಕಾರ್ಡ್ ಕೊಂಡೆ. ಸಂಖ್ಯೆ ಒತ್ತಿದಷ್ಟೂ ಸಲ ಅದು ತಿರಸ್ಕೃತವಾಯಿತು. ಕಾರ್ಡಿನ ದೇಶವೂ ಖಾತೆಯ ದೇಶವೂ ಒಂದೇ ಆಗಿರಬೇಕು ಎಂಬುದು ಆಗ ತಿಳಿಯಿತು. ಪ್ಲೇಸ್ಟೇಷನ್ 5ರ ಡಿಸ್ಕ್ ಬೇರೆ ದೇಶದಲ್ಲಿ ಕೊಂಡದ್ದಾದರೂ ಓಡುತ್ತದೆ. ಆದರೆ ಆ ಆಟಕ್ಕೆ ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗಗಳು ಡಿಸ್ಕ್‌ನ ಪ್ರದೇಶಕ್ಕೆ ಹೊಂದುವ ಖಾತೆಯಿಂದಲೇ ಬರಬೇಕು. ಆದ್ದರಿಂದ ಯಂತ್ರ ಎಲ್ಲಿಂದಲೇ ಬರಲಿ, ಮುಂದೆ ಆಟಗಳ ಹಣ ಯಾವ ದೇಶದಿಂದ ಕಟ್ಟುತ್ತೀರಿ ಎಂದು ತೀರ್ಮಾನಿಸಿಯೇ ಖಾತೆ ತೆರೆಯಿರಿ. ವಾರಂಟಿ ನಮ್ಮ ದೇಶದಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಸಿಕೊಳ್ಳಿ.

ಕಂಟ್ರೋಲರ್ ಎಂಬ ಬೀಗದ ಕೈ

ಬೀಗದ ಕೈಗಳೆಲ್ಲ ನೋಡಲು ಒಂದೇ ತರಹ. ಆದರೆ ನಮ್ಮ ಬಾಗಿಲನ್ನು ತೆರೆಯುವುದು ಒಂದೇ. ಕಂಟ್ರೋಲರ್ ಕೂಡ ಹಾಗೆಯೇ.

ಪ್ಲೇಸ್ಟೇಷನ್ 4ರ ಡುಯಲ್‌ಶಾಕ್ 4 ಕಂಟ್ರೋಲರ್ ಪ್ಲೇಸ್ಟೇಷನ್ 5ಕ್ಕೆ ಜೋಡಣೆಯಾಗುತ್ತದೆ, ಆದರೆ ಪ್ಲೇಸ್ಟೇಷನ್ 4ರ ಆಟಗಳನ್ನು ಆಡಲು ಮಾತ್ರ. ಪ್ಲೇಸ್ಟೇಷನ್ 5ರ ಆಟಗಳಿಗೆ ಅದರದೇ ಡುಯಲ್‌ಸೆನ್ಸ್ ಬೇಕು. ಡುಯಲ್‌ಸೆನ್ಸನ್ನು ತೆಗೆದುಕೊಂಡು ಹೋಗಿ ಪ್ಲೇಸ್ಟೇಷನ್ 4ಕ್ಕೆ ಹಾಕಿದರೆ ಕೆಲಸ ಮಾಡದು. ಎಕ್ಸ್‌ಬಾಕ್ಸ್ ಈ ವಿಷಯದಲ್ಲಿ ಉದಾರಿ. 2013ರಿಂದ ಬಂದ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ಗಳು ಈಗಿನ ಸೀರೀಸ್ ಯಂತ್ರಗಳಲ್ಲೂ, ಅವುಗಳ ಹೊಸ ಆಟಗಳಲ್ಲೂ ನಡೆಯುತ್ತವೆ. ಅದಕ್ಕೂ ಹಿಂದಿನ 360ರ ಕಂಟ್ರೋಲರ್ ನಡೆಯುವುದಿಲ್ಲ.

“ಬ್ಲೂಟೂತ್ ಇದೆ, ಎಲ್ಲದಕ್ಕೂ ಆಗುತ್ತದೆ” ಎನ್ನುವ ಮಾರಾಟಗಾರರ ಮಾತನ್ನು ಅಷ್ಟಕ್ಕೇ ನಂಬಬೇಡಿ. ಎಕ್ಸ್‌ಬಾಕ್ಸ್ ಯಂತ್ರ ಕಂಟ್ರೋಲರ್‌ಗಳೊಂದಿಗೆ ಮಾತಾಡುವುದು ಬ್ಲೂಟೂತ್‌ನಲ್ಲಿ ಅಲ್ಲ, ತನ್ನದೇ ವೈರ್‌ಲೆಸ್ ಪದ್ಧತಿಯಲ್ಲಿ. ಅದಲ್ಲದೆ 2023ರ ನವೆಂಬರ್‌ನಿಂದ ಅನುಮತಿ ಇಲ್ಲದ ಕಂಪೆನಿಗಳ ಕಂಟ್ರೋಲರ್‌ಗಳನ್ನು ಎಕ್ಸ್‌ಬಾಕ್ಸ್ ತಡೆಯಲು ಶುರು ಮಾಡಿತು. ಆದುದರಿಂದ ಬೇರೆ ಕಂಪೆನಿಯದನ್ನು ಕೊಳ್ಳುವುದಾದರೆ ಪೊಟ್ಟಣದ ಮೇಲೆ ಎಕ್ಸ್‌ಬಾಕ್ಸ್‌ಗಾಗಿಯೇ ಮಾಡಿದ್ದು ಎಂಬ ಅಧಿಕೃತ ಗುರುತು ಇರಬೇಕು.

ಕಂಪ್ಯೂಟರ್‌ಗೆ ಕೊಳ್ಳುವವರಿಗೆ ಒಂದು ಪದ ಗೊತ್ತಿದ್ದರೆ ಸಾಕು: ಎಕ್ಸ್‌ಇನ್‌ಪುಟ್. ವಿಂಡೋಸ್ ಕಂಪ್ಯೂಟರ್ ಮತ್ತು ಕಂಟ್ರೋಲರ್ ಮಾತಾಡುವ ಭಾಷೆ ಅದು. 2005ರ ಎಕ್ಸ್‌ಬಾಕ್ಸ್ 360 ಕಾಲದಿಂದ ಬಂದ ಈ ಪದ್ಧತಿಯನ್ನು ಕಂಟ್ರೋಲರ್ ಬೆಂಬಲಿಸುವ ಹೊಸ ಆಟಗಳಲ್ಲಿ ಹೆಚ್ಚಿನವು ನಿರೀಕ್ಷಿಸುತ್ತವೆ. ಅದಕ್ಕಿಂತ ಹಳೆಯದು ಡೈರೆಕ್ಟ್‌ಇನ್‌ಪುಟ್. ನನ್ನ ಹಿರಿಯ ಮಗ ಪೇಟೆಯ ಅಂಗಡಿಯೊಂದರಿಂದ 900 ರೂಪಾಯಿಗೆ ತಂದ ಕಂಟ್ರೋಲರ್ ಕಂಪ್ಯೂಟರ್‌ನಲ್ಲಿ ಕಾಣಿಸುತ್ತಿತ್ತು, ಆಟದಲ್ಲಿ ಮಾತ್ರ ಒಂದು ಗುಂಡಿಯೂ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೆ ಹಳೆಯ ಭಾಷೆ ಮಾತ್ರ ಗೊತ್ತಿತ್ತು. ಕೆಲವು ಕಂಟ್ರೋಲರ್‌ಗಳ ಬೆನ್ನಿನಲ್ಲಿ ಎರಡು ಭಾಷೆಗಳ ನಡುವೆ ಬದಲಾಯಿಸುವ ಸಣ್ಣ ಸ್ವಿಚ್ ಇರುತ್ತದೆ. ಹಾಳಾಗಿದೆ ಎಂದು ಬಿಸಾಡುವ ಮೊದಲು ಅದನ್ನೊಮ್ಮೆ ನೋಡಿ. ಕೇಬಲ್ ಕೂಡ ಮೋಸ ಮಾಡುವುದುಂಟು. ಕೆಲವು ಅಗ್ಗದ ಯುಎಸ್‌ಬಿ ಕೇಬಲ್‌ಗಳಲ್ಲಿ ಚಾರ್ಜ್ ಮಾಡುವ ತಂತಿಗಳು ಮಾತ್ರ ಇರುತ್ತವೆ, ಮಾಹಿತಿ ಸಾಗಿಸುವ ತಂತಿ ಇರುವುದಿಲ್ಲ. ಕೇಬಲ್ ಬದಲಿಸಿದ ಕೂಡಲೇ ಸತ್ತಿದ್ದ ಕಂಟ್ರೋಲರ್ ಎದ್ದು ಕೂರುತ್ತದೆ.

ಮೊಬೈಲ್‌ನಲ್ಲೂ ಕಂಟ್ರೋಲರ್ ಬಳಸಬಹುದು. ಆಂಡ್ರಾಯ್ಡ್ ಫೋನ್‌ಗಳಲ್ಲದೆ, 2019ರ ಐಒಎಸ್ 13ರಿಂದ ಐಫೋನ್ ಕೂಡ ಬ್ಲೂಟೂತ್ ಇರುವ ಎಕ್ಸ್‌ಬಾಕ್ಸ್ ಮತ್ತು ಡುಯಲ್‌ಶಾಕ್ 4 ಕಂಟ್ರೋಲರ್‌ಗಳನ್ನು ಒಪ್ಪುತ್ತದೆ. ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳಿಗೆ ಬ್ಲೂಟೂತ್ ಬಂದದ್ದು 2016ರ ಮಾದರಿಯಿಂದ ಎಂಬುದು ನೆನಪಿರಲಿ. ಆದರೆ ಫೋನ್ ಒಪ್ಪಿದರೆ ಸಾಲದು, ಆಟವೂ ಒಪ್ಪಬೇಕು. ಬೆರಳಿನಿಂದ ಆಡಲೆಂದೇ ಮಾಡಿದ ಎಷ್ಟೋ ಆಟಗಳು ಕಂಟ್ರೋಲರನ್ನು ಒಪ್ಪುವುದಿಲ್ಲ. ಕೊಳ್ಳುವ ಮೊದಲು ಆಟದ ಸೆಟ್ಟಿಂಗ್ಸ್ ತೆರೆದು ಕಂಟ್ರೋಲರ್ ಎಂಬ ಸಾಲು ಇದೆಯೇ ಎಂದು ನೋಡಿದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ವೇಗದ ಲೆಕ್ಕ

“ಉಮ್ಮಾ, ಆಟ ನಿಧಾನ ಆಗ್ತಾ ಉಂಟು” ಎಂದು ಮಗ ದೂರಿದಾಗ ನಾವು ಯಂತ್ರವನ್ನೇ ಬೈಯುತ್ತೇವೆ. ಹಲವು ಸಲ ತಪ್ಪು ಟಿವಿಯದಾಗಿರುತ್ತದೆ. ಗುಂಡಿ ಒತ್ತಿದ ಕ್ಷಣಕ್ಕೂ ಪರದೆಯಲ್ಲಿ ಆಟಗಾರ ಕಾಲೆತ್ತುವ ಕ್ಷಣಕ್ಕೂ ನಡುವೆ ಅಂತರವಿರುತ್ತದೆ. ಚಿತ್ರವನ್ನು ಚಂದ ಮಾಡಲು ಟಿವಿ ಒಳಗೊಳಗೇ ಮಾಡುವ ಕೆಲಸಗಳು ಆ ಅಂತರವನ್ನು ಹೆಚ್ಚಿಸುತ್ತವೆ. ಟಿವಿಯ ಚಿತ್ರದ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಎಂಬುದನ್ನು ಆರಿಸಿದರೆ ಆ ಕೆಲಸಗಳು ನಿಂತು ಆಟ ಚುರುಕಾಗುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಆಟದಲ್ಲಿ ಸೆಕೆಂಡಿಗೆ 30 ಚಿತ್ರಗಳು ಬರುತ್ತಿದ್ದರೆ ಒಂದೊಂದು ಚಿತ್ರ 33 ಮಿಲಿಸೆಕೆಂಡ್ ನಿಲ್ಲುತ್ತದೆ. 60 ಬಂದರೆ ಸುಮಾರು 17 ಮಿಲಿಸೆಕೆಂಡ್. ಓಟ, ಫುಟ್‌ಬಾಲ್ ಮುಂತಾದ ಆಟಗಳಲ್ಲಿ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಅನೇಕ ಆಟಗಳಲ್ಲಿ ಚಂದದ ಚಿತ್ರ ಬೇಕೋ, ವೇಗ ಬೇಕೋ ಎಂದು ಆರಿಸುವ ಅವಕಾಶವಿದೆ. ಸಣ್ಣ ಟಿವಿ ಇರುವವರು ವೇಗವನ್ನು ಆರಿಸಿದರೆ ಲಾಭ. 4ಕೆ ಪರದೆಯಲ್ಲಿ 120 ಚಿತ್ರ ಎಂಬ ಜಾಹೀರಾತಿಗೆ ಮಾರುಹೋಗುವ ಮೊದಲು ನಿಮ್ಮ ಟಿವಿಗೆ 120 ಹರ್ಟ್ಸ್ ಪರದೆ ಮತ್ತು ಎಚ್‌ಡಿಎಂಐ 2.1 ಇದೆಯೇ ನೋಡಿ. ಇಲ್ಲವಾದರೆ ಆ ಹೆಚ್ಚುವರಿ ಶಕ್ತಿಗೆ ಕೊಟ್ಟ ಹಣ ಪರದೆಗೆ ತಲುಪುವುದೇ ಇಲ್ಲ.

ಕಂಪ್ಯೂಟರ್‌ನಲ್ಲಿ ಆಡುವುದಾದರೆ ಪ್ರತಿ ಆಟಕ್ಕೂ ಕನಿಷ್ಠ ಮತ್ತು ಶಿಫಾರಸು ಎಂಬ ಎರಡು ಪಟ್ಟಿಗಳಿರುತ್ತವೆ. ಕನಿಷ್ಠ ಎಂದರೆ ಹೇಗೋ ನಡೆಯುತ್ತದೆ ಎಂದರ್ಥ. ಶಿಫಾರಸು ಪಟ್ಟಿಯನ್ನು ನೋಡಿ ಕೊಳ್ಳಿ. ಕಾಲೇಜಿನ ಲೆಕ್ಕಪತ್ರಕ್ಕೆಂದು ಕೊಂಡ, ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಮೈನ್‌ಕ್ರಾಫ್ಟ್‌ನಂತಹ ಆಟ ನಡೆಯಬಹುದು, ಹೊಸ ದೊಡ್ಡ ಆಟಗಳು ತೆವಳುತ್ತವೆ. ಒಳ್ಳೆಯ ಕಂಟ್ರೋಲರ್ ಕೊಂಡರೆ ಅದು ಸರಿಯಾಗದು.

ಜಾಗ ಮತ್ತು ಇಂಟರ್‌ನೆಟ್‌ನ ಲೆಕ್ಕವನ್ನೂ ಹಾಕಿ. ಪ್ಲೇಸ್ಟೇಷನ್ 5ರ ಮೊದಲ ಮಾದರಿಗಳಲ್ಲಿ 825 ಜಿಬಿ ಎಂದಿದ್ದರೂ ನಮಗೆ ಸಿಗುವುದು 667 ಜಿಬಿಯಷ್ಟು. ಈಗಿನ ದೊಡ್ಡ ಆಟಗಳಲ್ಲಿ ಕೆಲವು ಒಂದೊಂದೇ 100 ಜಿಬಿ ದಾಟುತ್ತವೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದೆ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಮಾತ್ರ ಇದ್ದರೆ 60 ಜಿಬಿಯ ಒಂದು ಆಟ ಇಳಿಸಲು ಪೂರ್ತಿ 30 ದಿನ ಬೇಕು. ಬೇಸಿಗೆ ರಜೆಯ ಅರ್ಧ ಭಾಗ ಅಲ್ಲಿಯೇ ಮುಗಿಯಿತು. ಅಂಥ ಮನೆಗೆ ಡಿಸ್ಕ್ ಇರುವ ಯಂತ್ರವೇ ಮೇಲು.

ಆಡುವ ಕೈಗೆ ಹೊಂದಬೇಕು

ಎಲ್ಲ ಹೊಂದಿದ ಮೇಲೂ ಒಂದು ಉಳಿಯುತ್ತದೆ. ಅದು ಆಡುವವನ ಕೈ. ಕಂಟ್ರೋಲರನ್ನು ಅಂಗಡಿಯಲ್ಲಿಯೇ ಮಗುವಿನ ಕೈಗೆ ಕೊಟ್ಟು ನೋಡಿ. ಹೆಬ್ಬೆರಳು ಕಡ್ಡಿಗಳಿಗೆ, ತೋರುಬೆರಳು ಹಿಂದಿನ ಗುಂಡಿಗಳಿಗೆ ಸಲೀಸಾಗಿ ತಲುಪಬೇಕು. ಹೆಬ್ಬೆರಳಿನಡಿಯ ಕಡ್ಡಿಯನ್ನು ಮುಟ್ಟದಿದ್ದರೂ ಆಟಗಾರ ತಾನಾಗಿ ಸರಿಯುತ್ತಿದ್ದರೆ ಅದರ ಒಳಗಿನ ಭಾಗ ಸವೆದಿದೆ ಎಂದರ್ಥ. ಹಳೆಯ ಕಂಟ್ರೋಲರ್ ಕೊಳ್ಳುವವರು ಇದನ್ನು ಮೊದಲು ಪರೀಕ್ಷಿಸಬೇಕು. ಹಾಲ್ ಎಫೆಕ್ಟ್ ಎಂಬ ಬಗೆಯ ಕಡ್ಡಿಗಳು ಉಜ್ಜಿಕೊಳ್ಳುವ ಬದಲು ಅಯಸ್ಕಾಂತದಿಂದ ಕೆಲಸ ಮಾಡುವುದರಿಂದ ಈ ರೀತಿ ಸವೆಯುವುದು ಕಡಿಮೆ.

ಈಗ ತಂಗಿಯ ಮಗನ ವಿಷಯ. ಮರುದಿನ ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದಾಗ ನಮ್ಮ ಕಷ್ಟಗಳನ್ನೆಲ್ಲ ಹೇಳಿಕೊಂಡೆ. ಅವನು ಒಂದೊಂದಕ್ಕೇ ದಾರಿ ಹೇಳುತ್ತಾ, “ತಮ್ಮ ಏನು ಆಡ್ತಾನೆ?” ಎಂದು ಕೇಳಿದ. “ಅವನಿಗೆ ಆಗುವುದಿಲ್ಲವಲ್ಲ” ಎಂದೆ. “ಅವನನ್ನು ಕೇಳಿದ್ದೀರಾ?” ಎಂದ. ನಾನು ಸುಮ್ಮನಾದೆ. ಹನ್ನೆರಡು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಕರೆದು ಕೇಳಿದರೆ ಹುಡುಗ ತಲೆ ತಗ್ಗಿಸಿ, “ಫುಟ್‌ಬಾಲ್” ಎಂದ.

ಅಕ್ಕನ ಮಗ ಹೇಳಿದಂತೆ ಮಾಡಿದೆವು. ಪ್ಲೇಸ್ಟೇಷನ್ 5ರ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಯಾವ ಗುಂಡಿಯ ಕೆಲಸವನ್ನು ಯಾವ ಗುಂಡಿಗೆ ಬೇಕಾದರೂ ಬದಲಾಯಿಸಬಹುದು. ಪಾಸ್ ಕೊಡುವ ಗುಂಡಿಯ ಕೆಲಸವನ್ನು ಎಡಗೈ ತೋರುಬೆರಳಿನ ಗುಂಡಿಗೆ ತಂದೆವು. 2023ರಿಂದ ಅದರಲ್ಲಿ ಇನ್ನೊಂದು ಸೌಲಭ್ಯವಿದೆ. ಎರಡು ಕಂಟ್ರೋಲರ್‌ಗಳನ್ನು ಸೇರಿಸಿ ಒಬ್ಬ ಆಟಗಾರನ ಕೈಗಳಂತೆ ಬಳಸಬಹುದು. ಎಕ್ಸ್‌ಬಾಕ್ಸ್‌ನಲ್ಲಿ ಇಂಥದ್ದು 2017ರಲ್ಲೇ ಕೊಪೈಲಟ್ ಎಂಬ ಹೆಸರಿನಲ್ಲಿ ಬಂದಿತ್ತು. ಕೈಯ ತೊಂದರೆ ಇನ್ನೂ ಹೆಚ್ಚಿರುವವರಿಗೆ ದೊಡ್ಡ ಗುಂಡಿಗಳ ವಿಶೇಷ ಕಂಟ್ರೋಲರ್‌ಗಳೂ ಇವೆ. 2018ರ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್ ಕಂಪ್ಯೂಟರ್‌ಗೆ, 2023ರ ಡಿಸೆಂಬರ್‌ನಲ್ಲಿ ಬಂದ ಆಕ್ಸೆಸ್ ಕಂಟ್ರೋಲರ್ ಪ್ಲೇಸ್ಟೇಷನ್ 5ಕ್ಕೆ. ಇಲ್ಲೂ ಹೊಂದಾಣಿಕೆ ನೋಡಿಯೇ ಕೊಳ್ಳಬೇಕು.

ನಮಗೆ ಅದು ಬೇಕಾಗಲಿಲ್ಲ. ಒಂದು ಹೊಸ ಡುಯಲ್‌ಸೆನ್ಸ್ ಮಾತ್ರ ಕೊಂಡೆವು. ತಮ್ಮ ತನ್ನ ಎಮಿರೇಟ್ಸ್ ಕಾರ್ಡಿನಿಂದಲೇ ಫುಟ್‌ಬಾಲ್ ಆಟ ಕೊಂಡು, ನೆರೆಮನೆಯವರ ಬ್ರಾಡ್‌ಬ್ಯಾಂಡ್‌ನಿಂದ ಇಳಿಸಿದ. ಅದರ ಪ್ಲೇಸ್ಟೇಷನ್ 4 ಆವೃತ್ತಿಯೂ ಜೊತೆಗೇ ಸಿಕ್ಕಿತು. ಅದಕ್ಕೆ ಕಪಾಟಿನ ಹಳೆಯ ಕಂಟ್ರೋಲರ್‌ಗಳು ಸರಿಹೊಂದಿದವು. ಇನ್ನೆರಡು ಕೊಳ್ಳುವ ಖರ್ಚು ಉಳಿಯಿತು.

ಮೊದಲ ಆಟದಲ್ಲಿ ತಂಗಿಯ ಮಗ ಕಂಟ್ರೋಲರನ್ನು ತೊಡೆಯ ಮೇಲಿನ ದಿಂಬಿಗೊರಗಿಸಿ ಎಡಗೈಯಿಂದ ಓಡಿಸಿದ, ಪಾಸ್ ಕೊಟ್ಟ. ಪಕ್ಕದಲ್ಲಿ ಕುಳಿತ ನನ್ನ ಕಿರಿಯವನು ಎರಡನೆಯ ಕಂಟ್ರೋಲರ್‌ನಿಂದ ಗೋಲಿಗೆ ಹೊಡೆದ. ಇಬ್ಬರೂ ಸೇರಿ ಒಬ್ಬ ಆಟಗಾರ, ಎದುರಾಳಿ ಯಂತ್ರ. 3-1ರಿಂದ ಸೋತರು. ಆ ಒಂದು ಗೋಲನ್ನು ಅವನು ರಾತ್ರಿ ಊಟದ ತನಕ ಎಲ್ಲರಿಗೂ ಹೇಳುತ್ತಿದ್ದ. ತಂಗಿ ಅಡುಗೆಮನೆಯಲ್ಲಿ ಒಂದು ಮಾತೂ ಆಡದೆ ರೊಟ್ಟಿ ಬೇಯಿಸುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅಂಗಡಿಗೆ ಹೋಗುವ ಮುನ್ನ, ಅಥವಾ ಗಲ್ಫ್‌ನಲ್ಲಿರುವವರಿಗೆ ಫೋನ್ ಮಾಡುವ ಮುನ್ನ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ. ಯಾವ ಆಟ? ಯಾರ ಜೊತೆ, ಅವರ ಬಳಿ ಯಾವ ಯಂತ್ರ? ಮನೆಯಲ್ಲಿ ಹಳೆಯ ಡಿಸ್ಕ್, ಕಂಟ್ರೋಲರ್ ಏನಿವೆ? ಖಾತೆ ಯಾವ ದೇಶದ್ದು? ಟಿವಿ ಮತ್ತು ಇಂಟರ್‌ನೆಟ್ ಎಂಥವು? ಚಂದಾ ಕಟ್ಟಬೇಕೇ? ಕೊನೆಯದಾಗಿ, ಆಡುವ ಮಗುವನ್ನು ಕೂರಿಸಿ ಕೇಳಿ. ಮೂಲೆಯಲ್ಲಿ ಕುಳಿತು “ನಾನು ನೋಡ್ತೇನೆ” ಎನ್ನುವ ಮಗುವಿದ್ದರೆ ಅದನ್ನು ಎಲ್ಲರಿಗಿಂತ ಮೊದಲು ಕೇಳಿ.